ತೆರೆಯ ಮೇಲಿನ ಫಿರಂಗಿ

‘ವಾರ್ ಥಂಡರ್’ ಎಂಬ ವಿಡಿಯೋ ಆಟದ ನೌಕಾಯುದ್ಧದಲ್ಲಿ ಸ್ವೀಡನ್ ಮೂಲದ ಬೋಫೋರ್ಸ್ 40 ಮಿಲಿಮೀಟರ್ ಸ್ವಯಂಚಾಲಿತ ಫಿರಂಗಿಯನ್ನು ಹಾರಿಸಿದವರು ಅದರ ಗುಣದೋಷಗಳನ್ನೆಲ್ಲ ಅರಿತೆವೆಂದು ಭಾವಿಸುವುದುಂಟು. ಈ ಭಾವನೆ ಸರಿಯಲ್ಲ.

ಫಿರಂಗಿಯ ಬಲವೇನೋ ನಿಜವಾದುದೇ. ಸುಮಾರು 900 ಗ್ರಾಂ ತೂಕದ ಗುಂಡುಗಳನ್ನು ನಿಮಿಷಕ್ಕೆ 120ರಂತೆ, ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ಅದು ಹಾರಿಸಬಲ್ಲದು. ಆದರೆ ನಾಲ್ಕು ಗುಂಡುಗಳ ಒಂದೊಂದು ಕಟ್ಟನ್ನೂ ನಾವಿಕನು ಕೈಯಿಂದಲೇ ತುಂಬಬೇಕು. ಅಂದರೆ ಎರಡು ಸೆಕೆಂಡಿಗೊಂದು ಕಟ್ಟು! ತೆರೆಯ ಮೇಲೆ ಆ ಬೆವರು ಕಾಣದು.

ಇದಕ್ಕಿಂತ ದೊಡ್ಡ ತೊಡಕು ಗುರಿಯದು. ಗಂಟೆಗೆ 540 ಕಿಲೋಮೀಟರ್ ವೇಗದ ವಿಮಾನವೊಂದು 1,700 ಮೀಟರ್ ದೂರದಲ್ಲಿ ಅಡ್ಡಲಾಗಿ ಹಾದುಹೋಗುತ್ತಿದೆ ಎನ್ನೋಣ. ಗುಂಡು ಅಲ್ಲಿಗೆ ತಲುಪುವಷ್ಟರಲ್ಲಿ ವಿಮಾನವು 300 ಮೀಟರಿಗೂ ಹೆಚ್ಚು ಮುಂದೆ ಸಾಗಿರುತ್ತದೆ. ಹಾಗಾದರೆ ಗುರಿಯಿಡುವುದೆಲ್ಲಿಗೆ? ಆಟದ ಸುಲಭ ಬಗೆಯಲ್ಲಿ ಆ ಸ್ಥಾನವನ್ನು ತೆರೆಯೇ ಗುರುತಿಸಿ ತೋರಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಾದರೋ ಅದಕ್ಕಾಗಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ಗೈರೊಸ್ಕೋಪನ್ನು ಅಳವಡಿಸಿದ ಗುರಿಯಂತ್ರವನ್ನೇ ರಚಿಸಬೇಕಾಯಿತು.

ಆಟಕ್ಕೆ ಸೌಲಭ್ಯ ಬೇಕು, ಅದನ್ನು ಆಕ್ಷೇಪಿಸಲಾಗದು. ಆದರೆ ಆ ಗುರುತಿನ ಹಿಂದಿರುವ ಗಣಿತವನ್ನೂ ಯಂತ್ರವನ್ನೂ ಎರಡು ಮಾತಿನಲ್ಲಾದರೂ ತಿಳಿಸುವುದು ಆಟದ ನಿರ್ಮಾಪಕರ ಕರ್ತವ್ಯ. ಇಲ್ಲವಾದರೆ ನಾವಿಕನ ಶ್ರಮಕ್ಕೂ ವಿಜ್ಞಾನಿಯ ಬುದ್ಧಿಗೂ ಸಲ್ಲಬೇಕಾದ ಕೀರ್ತಿಯನ್ನು ನಮ್ಮ ಎಳೆಯರು ಉಕ್ಕಿನ ನಳಿಗೆಯೊಂದಕ್ಕೇ ಒಪ್ಪಿಸಿಯಾರು.