ಎಂಟು ಮಂದಿ ಕುಣಿದರೆ ಸಾಕೆ?

ಮಕ್ಕಳೇ, ಆಗಸ್ಟ್ 15, ಸೆಪ್ಟೆಂಬರ್ 17 ಹತ್ತಿರ ಬಂದರೆ ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆಯ ಶಾಲೆಗಳಲ್ಲಿ ಕೋಲಾಟದ ತಾಲೀಮು ಶುರು. ಚೆನ್ನಾಗಿ ಕುಣಿಯುವ ಎಂಟು ಮಂದಿಯನ್ನು ಆರಿಸುತ್ತಾರೆ. ಉಳಿದವರು ಕಟ್ಟೆಯ ಮೇಲೆ ಕುಳಿತು ನೋಡುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ.

ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. ಐದು ನಿಮಿಷ ಕೋಲಾಟವಾಡಿ ಮತ್ತೆ ಎಣಿಸಿ. ಬಡಿತ ಏರಿರುತ್ತದೆ. ದುಡಿಯುವ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು, ಅದಕ್ಕೇ ಹೃದಯಕ್ಕೆ ಅವಸರ. ಗಿರಕಿ ಹೊಡೆದರೂ ಬೀಳದಂತೆ ಒಳಕಿವಿಯ ಮೂರು ಅರ್ಧವೃತ್ತ ನಾಳಗಳೂ ಕಿರುಮೆದುಳೂ ಕಾಯುತ್ತವೆ. ಎದುರಿನವರ ಕೋಲಿಗೆ ನಿಮ್ಮ ಕೋಲು ತಾಗಬೇಕಾದರೆ ಕಣ್ಣು, ಕಿವಿ, ಕೈ ಒಂದೇ ತಾಳಕ್ಕೆ ಬರಬೇಕು. ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ ಕೋಲು ಹಿಡಿದ ಮೇಲೆ ಗೆಳೆಯರೊಡನೆ ನಕ್ಕದ್ದನ್ನು ನಾನು ಕಂಡಿದ್ದೇನೆ.

ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ನೃತ್ಯವನ್ನು ವಿನೋದಗಳ ಸಾಲಿಗೆ ಸೇರಿಸಿದ್ದಾನೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಟ್ಟೆಯ ಮೇಲೆ ಕುಳಿತವರ ಪಾಲಿನ 60 ನಿಮಿಷ ಎಲ್ಲಿ?

ಗುರುಗಳೇ, ವೇದಿಕೆಗೆ ಎಂಟು ಮಂದಿಯೇ ಹೋಗಲಿ. ತಾಲೀಮಿಗೆ ಎಲ್ಲರನ್ನೂ ಕರೆಯಿರಿ. ಕೋಲು ಸಾಲದಿದ್ದರೆ ಚಪ್ಪಾಳೆ ಹೊಡೆದು ಆಡಬಹುದು.