ಡಾಕ್ಟ್ರ ಶಾಪು ತೆಗೆಯೋವರೆಗೂ ಕಾಯಬೇಕಾ?

ನಮ್ಮಪ್ಪನಿಗೆ ಅವರ ಡಾಕ್ಟ್ರ ಮೇಲೆ ಅದೆಷ್ಟು ನಂಬಿಕೆ ಅಂದ್ರೆ, ‘ಅವರು ಕೈ ಹಿಡಿದು ನೋಡಿದ್ರೆ ಸಾಕು, ಅರ್ಧ ಕಾಯಿಲೆ ಹೋಗುತ್ತೆ’ ಅನ್ನೋರು. ಮೂವತ್ತು ವರ್ಷದ ಪರಿಚಯ. ಆರು ವರ್ಷದ ಹಿಂದೆ ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಅಪ್ಪನಿಗೆ ಎಚ್ಚರವಾಯಿತು. ಎದೆ ಮಧ್ಯೆ ಕಲ್ಲಿಟ್ಟ ಹಾಗೆ ಭಾರ, ಬನಿಯನ್ ಒದ್ದೆಯಾಗುವಷ್ಟು ಬೆವರು. ‘ರಾತ್ರಿ ಬಜ್ಜಿ ತಿಂದಿದ್ದು ಜಾಸ್ತಿ ಆಯ್ತು, ಗ್ಯಾಸು’ ಅಂದರು. ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು, ಆಮೇಲೆ ಬೆನ್ನು ನೀವಿದರು. ‘ಆಸ್ಪತ್ರೆಗೆ ಹೋಗೋಣ’ ಅಂದರೆ, ‘ಹತ್ತು ಗಂಟೆಗೆ ನಮ್ಮ ಡಾಕ್ಟ್ರ ಶಾಪು ತೆಗೀತಾರಲ್ಲ, ಇರೇ’ ಅಂದರಂತೆ.

ಹತ್ತು ಗಂಟೆಗೆ ಆ ಡಾಕ್ಟ್ರು ಅಪ್ಪನ ಮುಖ ನೋಡಿದವರೇ ತಮ್ಮ ಕಾರಿನಲ್ಲೇ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ಅಪ್ಪ ಉಳಿದರು. ಆದರೆ ಆ ಐದೂವರೆ ಗಂಟೆಯಲ್ಲಿ ರಕ್ತ ಸಿಗದ ಹೃದಯದ ಭಾಗ ಮತ್ತೆ ಮೊದಲಿನಂತಾಗಲಿಲ್ಲ. ದಿನಾ ಮೂರು ಮೈಲಿ ನಡೆಯುತ್ತಿದ್ದವರು ಈಗ ಮಹಡಿ ಮೆಟ್ಟಿಲ ಮಧ್ಯೆ ನಿಂತು ಸುಧಾರಿಸಿಕೊಳ್ಳುತ್ತಾರೆ.

ಅದಾದ ಮೇಲೆ ನಾನು ತಿರುಗಿ ಬಿದ್ದೆ. ಏಳು ವರ್ಷದ ಮಗನಿಗೆ ರಾತ್ರಿ 101 ಡಿಗ್ರಿ ಜ್ವರ ಬಂದಿದ್ದೇ ತಡ, ಕ್ಯಾಶುವಾಲ್ಟಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಆಕ್ಸಿಡೆಂಟ್ ಆದವರು, ಉಸಿರು ಕಟ್ಟಿದವರು. ಅವರನ್ನು ಮೊದಲು ನೋಡಲೇಬೇಕಲ್ಲ? ಎರಡು ಗಂಟೆ ಕಾದ ಮೇಲೆ ಸಿಕ್ಕಿದ್ದು ಪ್ಯಾರಾಸಿಟಮಾಲ್ ಸಿರಪ್ಪು. ಅದು ನಮ್ಮನೆ ಫ್ರಿಜ್ ಮೇಲೇ ಇತ್ತು! ಅಪ್ಪ ಮಾಡಿದ್ದು ತಡ, ನಾನು ಮಾಡಿದ್ದು ಆತುರ. ಯಾವ ಬಾಗಿಲು ತಟ್ಟಬೇಕು ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೆ.

ಆಮೇಲೆ ಅದೇ ಡಾಕ್ಟ್ರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. ನಮ್ಮ ಮುಂದೆ ಇರೋದು ಮೂರು ಬಾಗಿಲು.

ಮೊದಲನೆಯದು, ಒಂದು ನಿಮಿಷವೂ ಯೋಚಿಸದೆ ಹೋಗಬೇಕಾದ ಎಮರ್ಜೆನ್ಸಿ. ಎದೆ ಭಾರವಾಗಿ ಕೈ, ದವಡೆ, ಬೆನ್ನಿಗೆ ಹರಡುವ ನೋವು, ಜೊತೆಗೆ ಬೆವರು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ನಮ್ಮಂಥ ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಏದುಸಿರು ಇದ್ದರೂ ಅದು ಹಾರ್ಟ್ ಅಟ್ಯಾಕ್ ಆಗಿರಬಹುದು. ಬಾಯಿ ಒಂದು ಕಡೆ ಸೊಟ್ಟಗಾಯಿತು, ಒಂದು ಕೈ ಎತ್ತಲಾಗದು, ಮಾತು ತೊದಲುತ್ತಿದೆ ಅಂದರೆ ಸ್ಟ್ರೋಕ್. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರೋದು ನಾಲ್ಕೂವರೆ ಗಂಟೆ. ಹಾಗಾಗಿ ಶುರುವಾದ ಹೊತ್ತನ್ನು ನೆನಪಿಟ್ಟು ಹೇಳಿ. ಉಸಿರಾಟದ ತೊಂದರೆ, ಎಚ್ಚರ ತಪ್ಪುವುದು, ನಿಲ್ಲದ ರಕ್ತ, ತಲೆಗೆ ಪೆಟ್ಟಾಗಿ ವಾಂತಿ, ಬಸುರಿಗೆ ರಕ್ತಸ್ರಾವ, ಹಾವು ಕಡಿತ, ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ, ಇವೆಲ್ಲ ಇದೇ ಬಾಗಿಲಿಗೆ. ಹಾವು ಕಚ್ಚಿದ ಜಾಗ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕ್ರಿಮಿನಾಶಕ ಕುಡಿದವರಿಗೆ ಮನೆಯಲ್ಲಿ ವಾಂತಿ ಮಾಡಿಸಬೇಡಿ.

108 ಆಂಬ್ಯುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಎದೆನೋವಿದ್ದವರು ತಾವೇ ಸ್ಕೂಟರ್ ಓಡಿಸಿಕೊಂಡು ಹೋಗೋದು ಬೇಡ. ‘ಆಂಬ್ಯುಲೆನ್ಸ್ ಬಂದ್ರೆ ಬೀದಿಯವರು ಏನಂದುಕೊಳ್ತಾರೆ’ ಅನ್ನೋ ಸಂಕೋಚ ನಮ್ಮಪ್ಪನಿಗೂ ಇತ್ತು! ‘ತಾಲ್ಲೂಕು ಆಸ್ಪತ್ರೆಯಲ್ಲಿ ಏನಿರುತ್ತೆ’ ಅಂತಲೂ ಮೂಗು ಮುರಿಯಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದ ಹೃದ್ರೋಗ ತಜ್ಞರಿಗೆ ತೋರಿಸಿ, ಬೇಕಿದ್ದವರಿಗೆ ರಕ್ತ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಎರಡನೆಯದು, ಐಸಿಯು ಬೇಡ, ಆದರೆ ನಾಳೆಗೂ ತಳ್ಳುವಂತಿಲ್ಲ ಅನ್ನುವಂಥದ್ದು. ಹೊಲಿಗೆ ಬೇಕಾದ ಗಾಯ, ಉಳುಕಿದ ಕಾಲು, ಕಿವಿನೋವು, ಉರಿಮೂತ್ರ. ಇದಕ್ಕೆ ಹತ್ತಿರದ ನರ್ಸಿಂಗ್ ಹೋಮ್, ಪ್ರಾಥಮಿಕ ಆರೋಗ್ಯ ಕೇಂದ್ರ, ಊರಲ್ಲಿದ್ದರೆ ‘ನಮ್ಮ ಕ್ಲಿನಿಕ್’ ಸಾಕು. ನಾಯಿ ಕಚ್ಚಿದರೆ ಮೊದಲು ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅವತ್ತೇ ಲಸಿಕೆ ಶುರು ಮಾಡಿಸಿ. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು, ಅದಿರುವ ಆಸ್ಪತ್ರೆಗೇ ಹೋಗಿ.

ಮೂರನೆಯದು, ನಮ್ಮ ಡಾಕ್ಟ್ರ ಶಾಪು. ಬಿಪಿ, ಶುಗರ್, ಥೈರಾಯ್ಡ್, ಮಂಡಿನೋವು, ಎರಡು ವಾರ ದಾಟಿದ ಕೆಮ್ಮು, ‘ಯಾಕೋ ಇತ್ತೀಚೆಗೆ ಊಟ ಸೇರ್ತಿಲ್ಲ’ ಅನ್ನುವಂಥವು. ನಮ್ಮ ಮನೆತನದ ಚರಿತ್ರೆಯೆಲ್ಲ ಗೊತ್ತಿರುವವರಿಗೆ ಇವು ಬೇಗ ಅರ್ಥವಾಗುತ್ತವೆ.

ಒಂದೇ ಕಾಯಿಲೆ ಬಾಗಿಲು ಬದಲಿಸೋದೂ ಉಂಟು. ಡೆಂಗಿ ಜ್ವರವನ್ನೇ ತಗೊಳ್ಳಿ. ಜ್ವರ ಇಳಿಯಿತು ಅಂತ ನಾವು ನಿಟ್ಟುಸಿರು ಬಿಡುವ ಹೊತ್ತಿಗೇ ಅಪಾಯ ಶುರುವಾಗಬಹುದು. ಆಗ ಜೋರು ಹೊಟ್ಟೆನೋವು, ಪದೇಪದೇ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಮೊದಲನೇ ಬಾಗಿಲಿಗೇ ಓಡಬೇಕು.

ನಮ್ಮನೆ ಕ್ಯಾಲೆಂಡರ್ ಹಿಂದೆ ಈಗ ಒಂದು ಚೀಟಿ ಇದೆ. ಯಾರು ಯಾವ ಮಾತ್ರೆ ತಗೊಳ್ತಾರೆ, ಯಾರಿಗೆ ಯಾವ ಔಷಧ ಒಗ್ಗಲ್ಲ, 108, ರಾತ್ರಿಯಿಡೀ ತೆರೆದಿರುವ ಆಸ್ಪತ್ರೆಯ ನಂಬರು. ನಮ್ಮ ಡಾಕ್ಟ್ರ ನಂಬರೂ ಇದೆ. ಆದರೆ ಅದರ ಪಕ್ಕ ‘ದಾರೀಲಿ ಹೋಗ್ತಾ ಫೋನ್ ಮಾಡಿ’ ಅಂತ ಅಪ್ಪನೇ ಬರೆದಿದ್ದಾರೆ.

ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆ ಆಂಟಿ ಬಾಗಿಲು ಬಡಿದು, ‘ಅಂಕಲ್‌ಗೆ ಎದೆ ಉರಿ, ಈನೋ ಇದೆಯಾ?’ ಅಂತ ಕೇಳಿದರು. ನಾನು ಅಡುಗೆಮನೆಗೆ ತಿರುಗುವಷ್ಟರಲ್ಲಿ ಒಳಗಿಂದ ಅಪ್ಪನ ದನಿ: ‘ಬೆವರ್ತಿದಾರಾ ಕೇಳು ಮೊದ್ಲು!’

ಬೆವರುತ್ತಿದ್ದರು. ಹನ್ನೊಂದೂವರೆಗೆಲ್ಲ ಇಸಿಜಿ ಆಗಿತ್ತು. ಅಂಕಲ್ ಈಗ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಅಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಅವರು ಎಷ್ಟು ಸುತ್ತು ಹಾಕಿದರು ಅಂತ ಲೆಕ್ಕ ಇಡುತ್ತಾರೆ.

ನಿಮ್ಮನೆ ಕ್ಯಾಲೆಂಡರ್ ಹಿಂದೆ ಚೀಟಿ ಇದೆಯಾ? ಇಲ್ಲದಿದ್ದರೆ ಇವತ್ತೇ ಬರೆದಿಡಿ.