ಕೇರೆಹಾವಾದ ನಾಗರಹಾವು

ಮೆಚ್ಚಿ ಓದಿದ ಕಾದಂಬರಿಯು ಚಲಚ್ಚಿತ್ರವಾಗಿದೆಯೆಂದು ತಿಳಿದು ಅದನ್ನು ನೋಡಲು ಹೊರಟ ಓದುಗನ ಸ್ಥಿತಿ, ಬೀಗರ ಮನೆಗೆ ಹೊರಟ ಹೆಣ್ಣಿನ ತಂದೆಯ ಸ್ಥಿತಿಯಂತೆ. ಉಪಚಾರಕ್ಕೆ ಏನೊಂದೂ ಕೊರತೆಯಿರದಿದ್ದರೂ ಆತನ ಕಣ್ಣೆಲ್ಲ ಮಗಳ ಮುಖದ ಮೇಲೆಯೇ. ಸೊರಗಿದ್ದಾಳೆಯೆ? ನಗುತ್ತಿದ್ದಾಳೆಯೆ? ಓದುಗನ ಪಾಡೇ ಹೀಗಿರುವಲ್ಲಿ ಬರೆದವನ ಪಾಡು ಹೇಗಿರಬೇಡ!

1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಕಂಡಾಗ ಕನ್ನಡ ನಾಡು ಕುಣಿದಾಡಿತು. ಕುಣಿಯದೆ ಉಳಿದವರು ಅದರ ಮೂಲ ಕರ್ತೃ ತ. ರಾ. ಸುಬ್ಬರಾಯರು. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಅವರು ನೊಂದುಕೊಂಡ ಮಾತು ಇಂದಿಗೂ ಜನರ ಬಾಯಲ್ಲಿದೆ. ವಿಷ್ಣುವರ್ಧನರಂಥ ನಾಯಕನನ್ನು ನಾಡಿಗೆ ಕೊಟ್ಟ ಚಿತ್ರದ ಬಗೆಗೆ ಇಂಥ ಮಾತೇ ಎಂದು ಹುಬ್ಬೇರಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಆದರೆ ತ.ರಾ.ಸು. ಅವರ ನೋವು ಬರಿಯ ಬಿಂಕವಲ್ಲ. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರದ ಬುಟ್ಟಿಗೆ ತುಂಬಲಾಯಿತು. ಮೂರನೆಯದರ ಹೆಸರನ್ನೇ ಗಮನಿಸಿರಿ. ಕಾದಂಬರಿಯ ರಾಮಾಚಾರಿಯಲ್ಲಿರುವುದು ಉಕ್ಕಿ ಇಳಿಯುವ ಹಾಲಿನಂಥ ಸಿಟ್ಟಲ್ಲ; ಅವಮಾನವನ್ನು ಒಳಗೇ ಇಟ್ಟುಕೊಂಡು ಸುರುಳಿ ಸುತ್ತಿ ಮಲಗುವ ಮನಸ್ಸು. ಅದನ್ನು ಓದುವಾಗ ನಮಗೆ ಅವನ ಮೇಲೆ ಪ್ರೀತಿಯ ಜೊತೆಗೆ ಸ್ವಲ್ಪ ಭಯವೂ ಹುಟ್ಟುತ್ತದೆ. ಬೆಳ್ಳಿತೆರೆಯಲ್ಲಿ ಭಯ ಹೋಯಿತು, ಪ್ರೀತಿ ಉಳಿಯಿತು. ಚೆಲುವಾದ ಮುಖ, ವಿಜಯಭಾಸ್ಕರರ ಇಂಪಾದ ಸಂಗೀತ, ಕೋಟೆಯ ಬಂಡೆಗಳ ಮೇಲಿನ ಬಿಸಿಲು—ಇಷ್ಟೆಲ್ಲ ಸೇರಿದ ಮೇಲೆ ವಿಷ ನಿಲ್ಲುವುದಾದರೂ ಎಲ್ಲಿ?

ಗಿಣಿಗೇರೆಯಿಂದ ಕೊಪ್ಪಳಕ್ಕೆ ದಿನವೂ ಓಡಾಡಿ ಪಾಠ ಹೇಳುವ ನನಗೆ ಇದು ಕೇವಲ ಸಾಹಿತ್ಯದ ಚರ್ಚೆಯಲ್ಲ. ಈ ಕಾದಂಬರಿಯನ್ನು ಓದಿರೆಂದು ತರಗತಿಯಲ್ಲಿ ಹೇಳಿದರೆ, "ಸಿನಿಮಾ ನೋಡೀವಲ್ರಿ ಸರ್, ಮತ್ತ್ಯಾಕ ಓದಬೇಕ್ರಿ?" ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ರಾಮಾಚಾರಿ ಹೇಗಿದ್ದಾನೆಂದು ಕೇಳಿದರೆ ಅವರು ವರ್ಣಿಸುವುದು ವಿಷ್ಣುವರ್ಧನರನ್ನು. ಚಾಮಯ್ಯ ಮೇಷ್ಟ್ರೆಂದರೆ ಅಶ್ವತ್ಥರು. ತಾವೇ ಕಟ್ಟಿಕೊಳ್ಳಬಹುದಾಗಿದ್ದ ಒಬ್ಬ ರಾಮಾಚಾರಿಯನ್ನು ಈ ಹುಡುಗರು ಹುಟ್ಟುವ ಮೊದಲೇ ಯಾರೋ ಕಟ್ಟಿ ಮುಗಿಸಿದ್ದಾರೆ! ಇದು ನನಗೆ ಚಿತ್ರದ ಎಲ್ಲ ದೋಷಗಳಿಗಿಂತ ದೊಡ್ಡ ನಷ್ಟವಾಗಿ ತೋರುತ್ತದೆ.

ಅದ್ಭುತ ಕಥೆಗಳಿಗಂತೂ ಈ ಪೆಟ್ಟು ಇನ್ನೂ ಬಲವಾಗಿ ಬೀಳುತ್ತದೆ. ಅಲ್ಲಿ ಎಲ್ಲವೂ ಓದುಗನ ಕಲ್ಪನೆಯೇ ತಾನೆ? ಜರ್ಮನಿಯ ಮಿಖಾಯೆಲ್ ಎಂಡೆ 1979ರಲ್ಲಿ ಪ್ರಕಟಿಸಿದ 'ಮುಗಿಯದ ಕಥೆ'ಯನ್ನು 1984ರಲ್ಲಿ ಚಿತ್ರವಾಗಿಸಿದವರು ಪುಸ್ತಕದ ಅರ್ಧಕ್ಕೇ ನಿಲ್ಲಿಸಿದರು. ಎಂಡೆ ಸಿಟ್ಟಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಸೋತರು. ನಮ್ಮ ಮೈಸೂರಿನ ಆರ್. ಕೆ. ನಾರಾಯಣರು ಅಷ್ಟು ದೂರ ಹೋಗಲಿಲ್ಲ. ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಸಾಗಿಸಿದ 1965ರ 'ಗೈಡ್' ಚಿತ್ರದ ಕುರಿತು ಒಂದು ಪ್ರಬಂಧ ಬರೆದು, ನಗುನಗುತ್ತಲೇ ಚುಚ್ಚಿ ಸುಮ್ಮನಾದರು.

ಪುಟ್ಟಣ್ಣನವರ ಪರವಾಗಿಯೂ ಒಂದು ಮಾತು ಹೇಳಬೇಕು. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಟ್ಟ ರಾಮಾಚಾರಿ, ಮುಂದೊಂದು ದಿನ ಅವಳನ್ನು ವೇಶ್ಯೆಯಾಗಿ ಕಾಣುವ ಸನ್ನಿವೇಶವಿದೆಯಲ್ಲ, ಅಲ್ಲಿ ಕೇರೆಹಾವು ಕ್ಷಣಕಾಲ ಹೆಡೆಯೆತ್ತುತ್ತದೆ. ಶಿಷ್ಯನನ್ನು ಪ್ರಾಣದಂತೆ ಪ್ರೀತಿಸುವ ಗುರುವೇ ಅವನ ಬಾಳನ್ನು ಮುರಿಯುವ ದುರಂತ ಎಂಥ ಕಠಿಣ ವಸ್ತು! ಅದನ್ನು ಚಿತ್ರ ಕೈಬಿಡಲಿಲ್ಲ. ಅದೇ ಕಥೆಯನ್ನು ಅದೇ ಪುಟ್ಟಣ್ಣನವರು 1974ರಲ್ಲಿ 'ಜಹರೀಲಾ ಇನ್ಸಾನ್' ಎಂದು ಹಿಂದಿಗೆ ಒಯ್ದಾಗ ಜನ ಒಲಿಯಲಿಲ್ಲ. ಹೆಸರಿನಲ್ಲಿ ಮಾತ್ರ ವಿಷ ಧಾರಾಳವಾಗಿತ್ತು.

ಹಾಗೆ ನೋಡಿದರೆ ಹಿಂದಿಯವರು ತ.ರಾ.ಸು. ಅವರ ಮನೆಗೆ ಇನ್ನೂ ಮೊದಲೇ ಬಂದಿದ್ದರು. 1956ರ 'ಬಸಂತ್ ಬಹಾರ್' ಚಿತ್ರಕ್ಕೆ ಆಧಾರ ಅವರ 'ಹಂಸಗೀತೆ'. ಅದರಲ್ಲಿ ನಮ್ಮ ಪಕ್ಕದ ಗದುಗಿನ ಭೀಮಸೇನ ಜೋಶಿಯವರು ಮನ್ನಾ ಡೇ ಅವರೊಡನೆ ಹಾಡಿದ್ದು ನಮಗೊಂದು ಸಮಾಧಾನ. ಆದರೆ ಚಿತ್ರದುರ್ಗವನ್ನು ಅಲ್ಲಿ ಹುಡುಕಲು ಹೋಗಬಾರದು. ದುರ್ಗ ಮರಳಿ ದೊರೆತದ್ದು 1975ರಲ್ಲಿ, ಜಿ. ವಿ. ಅಯ್ಯರ್ ಅವರು ಅದೇ ಕಾದಂಬರಿಯನ್ನು ಅನಂತನಾಗ್ ಅವರಿಂದ ಆಡಿಸಿ, ಬಾಲಮುರಳಿಕೃಷ್ಣರಿಂದ ಹಾಡಿಸಿದಾಗ. ಕಥೆಯ ಅವಸರಕ್ಕೆ ಸಂಗೀತವನ್ನು ಬಲಿಕೊಡದ ಆ ಚಿತ್ರವನ್ನು ನೋಡಿದ ಮೇಲೆ, ಕಾದಂಬರಿಗೂ ಕ್ಯಾಮೆರಾಕ್ಕೂ ಹುಟ್ಟುದ್ವೇಷವೆಂದು ವಾದಿಸುವ ಧೈರ್ಯ ನನಗಿಲ್ಲ.

ಲೇಖಕ-ನಿರ್ದೇಶಕರ ಈ ವಿರಸದ ಕಥೆಗೆ ಇನ್ನೊಂದು ತಿರುವಿದೆ. ತ.ರಾ.ಸು. 1984ರಲ್ಲಿ ತೀರಿಕೊಂಡರು. ಮರುವರ್ಷ ಪುಟ್ಟಣ್ಣನವರೂ ಹೊರಟುಹೋದರು. ಆಗ ಅವರ ಕೈಯಲ್ಲಿ ಅರೆಬರೆಯಾಗಿ ಉಳಿದಿದ್ದ ಚಿತ್ರ 'ಮಸಣದ ಹೂವು'. ಮುಂದೆ ಅದನ್ನು ಪೂರ್ಣಗೊಳಿಸಿದವರು ಕೆ. ಎಸ್. ಎಲ್. ಸ್ವಾಮಿಯವರು. ಅದರ ಮೂಲವೂ ತ.ರಾ.ಸು. ಅವರದೇ ಕಾದಂಬರಿ.